ಕಲ್ಲಿನ ಮೇಲೆ ನಿಂತ ತೇಗ

ಬೆಂಗಳೂರಿಗೆ ಹೋದ ನಮ್ಮ ಮುಂಬಯಿ ಕನ್ನಡಿಗರು ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವು ಹಣ್ಣು ಕೊಂಡು ಹಿಂದಿರುಗುವುದುಂಟು. ಅಲ್ಲಿಂದ ಕೂಗಳತೆಯಲ್ಲಿರುವ ಟಿಪ್ಪುವಿನ ಬೇಸಗೆಯ ಅರಮನೆಯನ್ನು ಹೊಕ್ಕು ನೋಡುವವರು ಕಡಿಮೆ. ಕೋಟೆ ವೆಂಕಟರಮಣಸ್ವಾಮಿಯ ಗುಡಿಯ ಮಗ್ಗುಲಲ್ಲೇ ಇದೆ. ಹೈದರಾಲಿ 1781ರಲ್ಲಿ ತೊಡಗಿಸಿದ ಕೆಲಸವನ್ನು ಟಿಪ್ಪು 1791ರಲ್ಲಿ ಮುಗಿಸಿದನು. ಎರಡಂತಸ್ತಿನ ಈ ಸೌಧದ ಸಾಲುಸಾಲು ಕಂಬಗಳೆಲ್ಲ ತೇಗದವು.

ಕಳೆದ ಬೇಸಗೆಯಲ್ಲಿ ನಾವು ಅಲ್ಲಿಗೆ ಹೋದುದರಲ್ಲಿ ಸ್ವಾರ್ಥವೂ ಸ್ವಲ್ಪ ಇತ್ತು. ಊರಿನ ತೊಟ್ಟಿಮನೆಯನ್ನು ಬಿಚ್ಚಿಸುವುದೆಂದು ಅಣ್ಣತಮ್ಮಂದಿರೆಲ್ಲ ಗೊತ್ತುಮಾಡಿದ್ದೆವು. ಕಂಬಗಳೆಲ್ಲ ಉದ್ದಕ್ಕೆ ಬಿರಿದಿವೆ, ಹಳೆ ಮರದ ವ್ಯಾಪಾರಿಗೆ ಕೊಟ್ಟುಬಿಡೋಣವೆಂದು ಕೆಲವರು. ಅಜ್ಜನ ಕಾಲದವು, ಬೇಡವೆಂದು ಕೆಲವರು.

ಅರಮನೆಯಲ್ಲಿ ಕಮಾನುಗಳ ಕೆತ್ತನೆಗೆ ಕಣ್ಣು ಸೋಲುವುದು ಸಹಜ. ಆದರೆ ಕಂಬದ ಬುಡವನ್ನು ನೋಡಿರಿ. ಮರ ನೆಲಕ್ಕೆ ತಾಗದಂತೆ ಕೆಳಗೆ ಕಲ್ಲಿನ ಪೀಠವಿದೆ. ಮರವೆಂದರೆ ಬೇರಿನಿಂದ ಎಲೆಗೆ ನೀರೇರಿಸುತ್ತಿದ್ದ ಸಣ್ಣ ನಳಿಗೆಗಳ ಕಂತೆ. ಕಡಿದು ನೂರು ವರ್ಷವಾದರೂ ಆ ಕೊಯ್ದ ಮುಖ ನೀರು ಹೀರುವ ಚಟವನ್ನು ಬಿಡದು. ಭಾರ ಹೊರುವ ಬಲವೂ ಆ ನಳಿಗೆಗಳ ಉದ್ದಕ್ಕೇ ಹೆಚ್ಚು. ಅಡ್ಡ ಮಲಗಿಸಿದ ತೊಲೆ ಕಂಬದ ತಲೆಯ ಮೇಲೆ ಜಜ್ಜಿಹೋಗಬಾರದೆಂದೇ ನಡುವೆ ಅಗಲವಾದ ಬೋದಿಗೆ.

ಇನ್ನು ಬಿರುಕಿನ ವಿಷಯ. ಹಸಿ ಮರ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಬಳೆಗಳ ಸುತ್ತಿನ ದಿಕ್ಕಿನಲ್ಲಿ ತೇಗ ನೂರಕ್ಕೆ ಸುಮಾರು 5ರಷ್ಟು ಕುಗ್ಗಿದರೆ, ತಿರುಳಿನಿಂದ ಹೊರಕ್ಕೆ ಅದರ ಅರ್ಧದಷ್ಟು ಮಾತ್ರ. ಈ ಎಳೆದಾಟಕ್ಕೆ ಇಡೀ ದಿಮ್ಮಿಯ ಕಂಬ ಉದ್ದಕ್ಕೆ ಸೀಳುತ್ತದೆ; ನೆಟ್ಟಗೆ ನಿಂತು ಭಾರ ಹೊರುವುದಕ್ಕೆ ಅದರಿಂದ ಅಷ್ಟಾಗಿ ಬಾಧಕವಿಲ್ಲ. (ಮುಂಬಯಿಯ ಮಳೆಗಾಲದಲ್ಲಿ ಬಾಗಿಲು ಅಗಲದಲ್ಲಿ ಉಬ್ಬಿ ಸಿಕ್ಕಿಕೊಳ್ಳುವುದೂ ಇದೇ ಗುಣದಿಂದ, ಪಾಪ, ಬಡಗಿಯನ್ನೇಕೆ ಬೈಯುವುದು!) ತೇಗದ ಚೇಗಿನಲ್ಲಿ ಎಣ್ಣೆಯಂಶವಿರುವುದರಿಂದ ಗೆದ್ದಲು ಸುಲಭವಾಗಿ ಮುಟ್ಟದು. ಹೊರಗಿನ ಬಿಳಿಯ ಪದರಕ್ಕೆ ಆ ರಕ್ಷೆಯಿಲ್ಲ.

ಊರಿಗೆ ಹೋಗಿ ಹಿರಿಯ ಬಡಗಿ ಆಚಾರರನ್ನು ಕರೆಸಿದೆವು. ಅವರು ಬಿರುಕುಗಳತ್ತ ತಿರುಗಿಯೂ ನೋಡದೆ, ಕುಕ್ಕರಗಾಲಿನಲ್ಲಿ ಕುಳಿತು ಪ್ರತಿ ಬುಡಕ್ಕೂ ಉಳಿ ಚುಚ್ಚಿದರು. ಎಂಟರಲ್ಲಿ ಎರಡು ಮಾತ್ರ ಮೆತ್ತಗಾಗಿದ್ದವು. ಹಿಂದೊಮ್ಮೆ ಸಿಮೆಂಟು ನೆಲ ಎತ್ತರಿಸುವಾಗ ಕಲ್ಲುಗಳು ಹೂತುಹೋಗಿದ್ದುದು ಅಲ್ಲಿಯೇ.

“ಗೇಣುದ್ದ ಕೊಯ್ದು, ಕಲ್ಲನ್ನ ಅಷ್ಟು ಏರಿಸಿದರಾಯ್ತು ಸ್ವಾಮಿ,” ಎಂದರು.

ಎಂಟೂ ಕಂಬಗಳು ಈಗ ಹೊಸ ಮನೆಯ ಜಗಲಿಯಲ್ಲಿವೆ. ತೊಲೆಗಳನ್ನು ವ್ಯಾಪಾರಿಗೆ ಕೊಟ್ಟೆವು.