ಬೀರೂರು ಜಂಕ್ಷನ್ನಿನ ಎರಡು ದಾರಿ

ನಮ್ಮ ಕಡೆಯವರ ಭಯ ತಲೆಯಲ್ಲಿ ಹುಟ್ಟುವುದಿಲ್ಲ. ಎದೆ ಝಲ್ಲೆನ್ನುತ್ತದೆ, ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ, ಜಂಘಾಬಲ ಉಡುಗುತ್ತದೆ. ಮರುಕವಾದರೆ ಕರುಳು ಚುರ್ರೆನ್ನುತ್ತದೆ. ಕಡೂರಿನ ಸಂತೆಯಲ್ಲಾಗಲಿ ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಾಗಲಿ ವಿಚಾರಿಸಿ ನೋಡಿ, ‘ನನ್ನ ಮಿದುಳಿಗೆ ಹೆದರಿಕೆಯಾಯಿತು’ ಎನ್ನುವವರು ಒಬ್ಬರೂ ಸಿಗಲಾರರು.

ಈ ಯೋಚನೆ ನನ್ನನ್ನು ಹಿಡಿದದ್ದು ಅಜ್ಜಂಪುರದ ಅಮೃತ್ ಮಹಲ್ ಕಾವಲಿನ ಅಂಚಿನಲ್ಲಿ. ಎಳೆಗರುವಿನ ತಾಯಿಯೊಂದು ತಲೆಯೆತ್ತಿ, ಹಿಂದಕ್ಕೆ ಬಾಗಿದ ಆ ಉದ್ದನೆಯ ಚೂಪು ಕೊಂಬುಗಳನ್ನು ನನ್ನ ಕಡೆ ತಿರುಗಿಸಿತು. ಮರುಕ್ಷಣ ನಾನು ಬೇಲಿಯ ಆಚೆಗಿದ್ದೆ. ಎದೆ ಹೊಡೆದುಕೊಂಡದ್ದು ತಿಳಿದದ್ದು ಆಮೇಲೆ. ‘ಹಾಯಲು ಬಂತು’ ಎಂಬ ಮಾತು ಮನಸ್ಸಿಗೆ ಬಂದದ್ದು ಅದಕ್ಕೂ ಆಮೇಲೆ. ಹಾಗಾದರೆ ನನ್ನನ್ನು ಓಡಿಸಿದವರು ಯಾರು?

ಆ ಹಸುವಿನ ಕುಲವೇನು ಸಾಮಾನ್ಯದ್ದಲ್ಲ. ಮೈಸೂರು ಒಡೆಯರ ಬೆಣ್ಣೆಚಾವಡಿಯಲ್ಲಿ ಬೆಳೆದು, ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಎಂಬ ಹೆಸರು ಪಡೆದು, ದಂಡಿನ ಫಿರಂಗಿಗಳನ್ನು ಎಳೆದ ತಳಿ. ವೇಗಕ್ಕೂ ರೋಷಕ್ಕೂ ಹೆಸರಾದದ್ದು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಅದನ್ನು ಕಾಪಾಡಿಕೊಂಡು ಬಂದಿದೆ.

ನನ್ನ ಪ್ರಶ್ನೆಗೆ ಉತ್ತರ ಹೊಳೆದದ್ದು ಬೀರೂರಿನಲ್ಲಿ. ಬೆಂಗಳೂರಿನ ರೈಲು ಕಡೂರು ದಾಟಿ ಬೀರೂರು ಸೇರಿದರೆ ಅಲ್ಲಿ ಹಳಿ ಎರಡಾಗುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. ಮಿದುಳಿನ ನಡುವೆಯೂ ಇಂಥದೊಂದು ಜಂಕ್ಷನ್ ಇದೆ, ಥಾಲಮಸ್. ಕಿವಿಗೆ ಬಿದ್ದ ಸದ್ದು ಅಲ್ಲಿಂದ ಒಂದು ದಾರಿಯಲ್ಲಿ ಮಿದುಳಿನ ಹೊರಪದರಕ್ಕೆ ಹೋಗಿ ‘ಇದೇನು’ ಎಂದು ವಿಚಾರಣೆಯಾಗುತ್ತದೆ. ಇನ್ನೊಂದು ಅಡ್ಡದಾರಿ ನೇರವಾಗಿ ಅಮಿಗ್ಡಲಕ್ಕೆ ಹೋಗುತ್ತದೆ. ಗ್ರೀಕಿನಲ್ಲಿ ಆ ಮಾತಿಗೆ ಬಾದಾಮಿ ಎಂದರ್ಥ. ಆಕಾರವೂ ಹಾಗೆಯೇ, ಎಡಬಲಕ್ಕೆ ಒಂದೊಂದು. ಅಮೆರಿಕದ ಜೋಸೆಫ್ ಲೆಡೂ ಇಲಿಗಳಲ್ಲಿ ಈ ದಾರಿಗಳನ್ನು ಅಳೆದರು. ಅಡ್ಡದಾರಿಗೆ ಸುಮಾರು 12 ಮಿಲಿಸೆಕೆಂಡು, ಸುತ್ತುದಾರಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು. ಅಮಿಗ್ಡಲ ಕೂಗಿದೊಡನೆ ಹೈಪೊಥಾಲಮಸ್ ಎಚ್ಚೆತ್ತು ಎದೆಬಡಿತ ಏರಿಸುತ್ತದೆ, ಕಾಲಿಗೆ ರಕ್ತ ನುಗ್ಗಿಸುತ್ತದೆ. ಒಡಲಿನ ಈ ಗದ್ದಲವನ್ನು ಇನ್ಸುಲಾ ಎಂಬ ಭಾಗ ಮತ್ತೆ ಮಿದುಳಿಗೆ ಓದಿ ಹೇಳುತ್ತದೆ. ಎದೆ, ಹೊಟ್ಟೆ, ಕರುಳು ಎಂದ ನಮ್ಮ ಹಿರಿಯರು ಸುಳ್ಳಾಡಿಲ್ಲ.

ಹಾಗೆಂದು ಭಯದ ಗುಂಡಿ ಇಲ್ಲಿದೆ ಎಂದು ಬೆರಳಿಡಲು ಹೋಗಬಾರದು. 1963ರಲ್ಲಿ ಸ್ಪೇನಿನ ವಿಜ್ಞಾನಿ ಹೋಸೆ ಡೆಲ್ಗಾಡೊ ಗೂಳಿಯೊಂದರ ಮಿದುಳಿನಾಳಕ್ಕೆ ತಂತಿ ಇಳಿಸಿ ಕಣದಲ್ಲಿ ಎದುರು ನಿಂತರು. ಅದು ನುಗ್ಗಿ ಬಂದಾಗ ಕೈಯಲ್ಲಿದ್ದ ರೇಡಿಯೊ ಗುಂಡಿ ಒತ್ತಿದರು, ಗೂಳಿ ನಿಂತುಬಿಟ್ಟಿತು. ರೋಷವನ್ನೇ ಆರಿಸಿದರು ಎಂದು ಲೋಕ ಬೆರಗಾಯಿತು. ಆದರೆ ಅವರು ಮುಟ್ಟಿದ್ದ ಕಾಡೇಟ್ ಭಾಗ ಚಲನೆಯನ್ನೂ ನಡೆಸುವಂಥದ್ದು. ನಿಂತದ್ದು ಕೋಪವಲ್ಲ, ಕಾಲು ಎಂದು ಇತರ ವಿಜ್ಞಾನಿಗಳು ಎಚ್ಚರಿಸಿದರು. ಅಮೆರಿಕದ ಒಬ್ಬ ಮಹಿಳೆಗೆ ಅಪರೂಪದ ಕಾಯಿಲೆಯಿಂದ ಎರಡೂ ಅಮಿಗ್ಡಲ ಹಾಳಾಗಿ, ಹಾವು ಕಂಡರೂ ಅಂಜಿಕೆ ಇಲ್ಲವಾಗಿತ್ತು. ಆಕೆಯೇ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಉಸಿರಾಡಿದಾಗ ಪ್ರಾಣಭಯದಿಂದ ಕಂಗಾಲಾದರೆಂದು 2013ರಲ್ಲಿ ವರದಿಯಾಯಿತು. ಭಯ ಒಂದು ನಿಲ್ದಾಣದ ಆಸ್ತಿಯಲ್ಲ, ಇಡೀ ಹಳಿಜಾಲದ್ದು.

ಆ ಜಾಲ ಬೆಳೆಯುವ ಬಗೆಯನ್ನು ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲೇ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಕಂಡರು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟರು. ನೆನಪಿನ ಮನೆಯಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಮುದುಡಿದವು. ಅಮಿಗ್ಡಲದಲ್ಲಿ ಚಿಗುರಿ ಹಬ್ಬಿದವು. ಬಳಿಕ 21 ದಿನ ನೆಮ್ಮದಿಯಾಗಿ ಬಿಟ್ಟಾಗ ಮುದುಡಿದ್ದು ಚೇತರಿಸಿಕೊಂಡಿತು. ಹಬ್ಬಿದ್ದು ಮಾತ್ರ ಹಾಗೆಯೇ ಉಳಿಯಿತು. ಇದನ್ನು ಓದಿದ ದಿನ ನನ್ನ ಕರುಳು ನಿಜವಾಗಿ ಚುರ್ರೆಂದಿತು. ಪರೀಕ್ಷೆ, ಹೊಡೆತ, ಬೈಗುಳಗಳ ನಡುವೆ ನಾವು ಬೆಳೆಸುತ್ತಿರುವ ಮಕ್ಕಳು ಕಣ್ಣ ಮುಂದೆ ಬಂದರು.

ಆ ಸಂಜೆ ಕಾವಲಿನಲ್ಲಿ ಹಸುವನ್ನು ಸಮಾಧಾನಪಡಿಸಿದ್ದು ಕೋಲಲ್ಲ. ಕಾಯುವಾತ ದೂರದಿಂದಲೇ, ದನಿ ಏರಿಸದೆ, ಅದರ ಹೆಸರು ಹಿಡಿದು ಕರೆಯುತ್ತ ಬಂದ. ಹಸುವಿನ ಕಿವಿ ಅತ್ತ ತಿರುಗಿತು, ಕೊಂಬು ತಗ್ಗಿತು. ಹಳೆಯ ಭಯ ಅಳಿಸಿಹೋಗುವುದಿಲ್ಲ. ಅದರ ಮೇಲೆ ‘ಇಲ್ಲಿ ಅಪಾಯವಿಲ್ಲ’ ಎಂಬ ಹೊಸ ಪಾಠವನ್ನು ಹಣೆಯ ಹಿಂದಿನ ಮಿದುಳು ನಿಧಾನವಾಗಿ ಕಲಿತು ಅಮಿಗ್ಡಲವನ್ನು ಸುಮ್ಮನಾಗಿಸುತ್ತದೆ. ಆ ಪಾಠಕ್ಕೆ ಹೊತ್ತು ಬೇಕು, ಪರಿಚಯದ ದನಿ ಬೇಕು.

ಆದ್ದರಿಂದ ಹೆದರಿದ ಮಗುವಿಗೆ ‘ಹೆದರಬೇಡ’ ಎಂದು ಗದರಬೇಡಿ. ನಿಮ್ಮ ಬುದ್ಧಿಮಾತು ಸುತ್ತುದಾರಿಯ ರೈಲಿನಲ್ಲಿ ಬರುವಂಥದ್ದು, ತಡವಾಗಿಯೇ ತಲುಪುತ್ತದೆ. ಅಲ್ಲಿಯವರೆಗೆ ಹತ್ತಿರ ಕೂತು ಅದರ ಹೆಸರು ಹಿಡಿದು ಕರೆಯಿರಿ.