ವ್ಯತ್ಯಾಸ ಇರಲಿ ಬಿಡು

ಮೊದಲೇ ಹೇಳಿಬಿಡ್ತೀನಿ, ನಾನು ಒಂದನೇ ಕ್ಲಾಸಿಂದ ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಇಲ್ಲಿ ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಿರುತ್ತಾರೆ ಅಂತ ನಂಬಿದ್ದೀನಿ. ಆದರೆ ಈ ಲೇಖನ ಇರೋದು ನಾನು ಎರಡು ಇಂಗ್ಲಿಷ್ ಪದಗಳನ್ನು ತಪ್ಪಾಗಿ ಓದಿದ ಬಗ್ಗೆ.

ಕಳೆದ ಸೆಮಿಸ್ಟರ್‌ನಲ್ಲಿ ಸಿವಿಲ್ ಮತ್ತು ಆರ್ಕಿಟೆಕ್ಚರ್ ವಿಭಾಗದವರು ಜೋಡಿಯಾಗಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಎರಡು ಅಂತಸ್ತಿನ ಒಂದು ಪುಟ್ಟ ಲೈಬ್ರರಿ, ರೆವಿಟ್‌ನಲ್ಲಿ. ನನಗೆ ಜೋಡಿಯಾಗಿ ಸಿಕ್ಕಿದ್ದು ನನ್ನ ಹಾಸ್ಟೆಲ್ ರೂಮ್‌ಮೇಟೇ. ಗೋಡೆ, ಬಾಗಿಲು, ಮೆಟ್ಟಿಲು ಅವಳದು. ಕಾಲಂ, ಬೀಮ್, ಫುಟಿಂಗ್ ನನ್ನದು. ಒಂದೇ ರೂಮು, ಅಕ್ಕಪಕ್ಕದ ಟೇಬಲ್ಲು, ಇದಕ್ಕಿಂತ ಸುಲಭ ಏನಿದೆ ಅಂದುಕೊಂಡೆವು.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಇಬ್ಬರೂ ಒಂದೇ ಫೈಲಿನಲ್ಲಿ ಗುದ್ದಾಡೋ ಬದಲು ಅವಳ ಮಾಡೆಲನ್ನು ನನ್ನ ಮಾಡೆಲ್‌ಗೆ ಲಿಂಕ್ ಮಾಡಿಕೊಳ್ಳಬಹುದು. ಅವಳ ಕಟ್ಟಡ ನನಗೆ ಕಾಣುತ್ತೆ, ಆದರೆ ಅಲ್ಲಿಂದ ಅದನ್ನು ತಿದ್ದಲು ಆಗಲ್ಲ. ಅವಳು ಬದಲಾಯಿಸಿ ಸೇವ್ ಮಾಡಿದ ಮೇಲೆ ನಾನು ರಿಲೋಡ್ ಮಾಡಿದರೆ ಹೊಸದು ಬರುತ್ತೆ. ಗ್ರಿಡ್ ಲೈನ್‌ಗಳನ್ನು ಮಾತ್ರ ನಾನು ಕಾಪಿ/ಮಾನಿಟರ್ ಅನ್ನೋ ಸೌಲಭ್ಯದಿಂದ ನನ್ನ ಫೈಲಿಗೆ ತಂದುಕೊಂಡಿದ್ದೆ. ಅವಳು ಗ್ರಿಡ್ ಸರಿಸಿದರೆ ನನಗೆ ಎಚ್ಚರಿಕೆ ಬರುತ್ತೆ. ನನ್ನ ಕಾಲಂಗಳು ನನ್ನ ಗ್ರಿಡ್ ಹಿಡಿದು ನಿಂತಿರುತ್ತವೆ, ಅದು ಸರಿದರೆ ಅವೂ ಸರಿಯುತ್ತವೆ.

ಶುರುವಿನಲ್ಲೇ ಒಂದು ಸಂಜೆ ಹಾಳಾಯ್ತು. ಅವಳ ಹತ್ತಿರ ರೆವಿಟ್ 2024, ನನ್ನ ಹತ್ತಿರ 2023. ಹೊಸದರಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ತೆರೆಯೋದೇ ಇಲ್ಲ. ಅದು ಸರಿಯಾದ ಮೇಲೆ ಅವಳು ದಿನಕ್ಕೊಂದು ಹೆಸರಲ್ಲಿ ಫೈಲ್ ಕೊಡತೊಡಗಿದಳು: ಫೈನಲ್, ಫೈನಲ್ 2, ನಿಜವಾದ ಫೈನಲ್. ಲಿಂಕ್ ಹುಡುಕೋದು ಹಳೆ ಹೆಸರನ್ನೇ, ಹಾಗಾಗಿ ರಿಲೋಡ್ ಮಾಡಿದರೂ ನನಗೆ ಬರ್ತಿದ್ದಿದ್ದು ಹಳೆ ಕಟ್ಟಡ.

ಆಮೇಲೆ ಬಂತು ಮೆಟ್ಟಿಲಿನ ವಿಷಯ. ಅವಳು ಎರಡು ಫ್ಲೈಟ್‌ಗಳನ್ನೂ 1.2 ಮೀಟರ್ ಅಗಲ ಇಟ್ಟಿದ್ದಳು. 1.5 ಮಾಡಿ ಅಂದರು ಗೈಡ್. ಫ್ಲೈಟಿಗೆ 300 ಮಿಲಿಮೀಟರ್, ಎರಡು ಸೇರಿ 600. ಆಚೆ ಕಡೆ ಜಾಗ ಇರಲಿಲ್ಲ, ಆದ್ದರಿಂದ ಮೆಟ್ಟಿಲ ಪಕ್ಕದ ಗ್ರಿಡ್ 3 ಅಷ್ಟೇ ದೂರ ಸರಿಯಬೇಕಾಯ್ತು.

‘ಲೇ, ಗ್ರಿಡ್ 3 ಸರಿಸಿದೀನಿ, ನೋಡ್ಕೊಳೇ’ ಅಂದಳು. ಅದು ಆ ವಾರದ ನಾಲ್ಕನೇ ಬದಲಾವಣೆ, ಮರುದಿನ ಇಂಟರ್ನಲ್ಸ್ ಬೇರೆ. ‘ಹೂಂ’ ಅಂದೆ. ಫೈಲ್ ತೆರೆದಾಗ ಎಚ್ಚರಿಕೆ ಬಂತು, ಕೋಆರ್ಡಿನೇಶನ್ ರಿವ್ಯೂ ಪಟ್ಟಿಯೂ ಬಂತು. ಆಯ್ಕೆಗಳಲ್ಲಿ ಒಂದು ‘ಆಕ್ಸೆಪ್ಟ್ ಡಿಫರೆನ್ಸ್’. ಬದಲಾವಣೆ ಒಪ್ಪಿಕೋ ಅಂತಿದೆ, ಒಪ್ಪಿಕೊಂಡೆ. ಎಚ್ಚರಿಕೆ ಮಾಯ. ಮಲಗಿದೆ.

ಅದರ ನಿಜವಾದ ಅರ್ಥ ‘ವ್ಯತ್ಯಾಸ ಇರಲಿ ಬಿಡು’ ಅಂತ. ಅವಳ ಗ್ರಿಡ್ ಹೊಸ ಜಾಗದಲ್ಲಿರುತ್ತೆ, ನನ್ನದು ಹಳೆ ಜಾಗದಲ್ಲೇ ಇರುತ್ತೆ, ಮತ್ತೆ ಕೇಳಬೇಡ ಅಂತ ನಾನೇ ಹೇಳಿದ ಹಾಗಾಯ್ತು. ನನ್ನ ಗ್ರಿಡ್ಡನ್ನೂ ಸರಿಸೋ ಆಯ್ಕೆ ಅದೇ ಪಟ್ಟಿಯಲ್ಲಿ ಬೇರೆ ಇತ್ತು.

ರಿವ್ಯೂ ದಿನ ಪ್ರೊಜೆಕ್ಟರ್‌ನಲ್ಲಿ 3ಡಿ ವ್ಯೂ ತಿರುಗಿಸಿದಾಗ ಮೆಟ್ಟಿಲ ಮೇಲೆ ನನ್ನ ಕಾಲಂ ನಿಂತಿತ್ತು. ಗೈಡ್ ಕನ್ನಡಕ ತೆಗೆದು, ‘ಲೈಬ್ರರಿಗೆ ಬಂದೋರು ಈ ಕಾಲಂ ತಬ್ಕೊಂಡು ಹತ್ತಬೇಕೇನಮ್ಮಾ?’ ಅಂದರು. ಇಡೀ ಕ್ಲಾಸು ನಕ್ಕಿತು. ನಾನು ಎಲ್ಲರೆದುರು, ‘ಸರ್, ಇವಳು ಸರಿಸಿದ್ದು ನಂಗೆ ಗೊತ್ತೇ ಇಲ್ಲ’ ಅಂದುಬಿಟ್ಟೆ.

ಅವಳು ಏನೂ ಹೇಳಲಿಲ್ಲ. ರೂಮಿಗೆ ಬಂದ ಮೇಲೂ ಹೇಳಲಿಲ್ಲ. ಐದು ದಿನ ಮೆಸ್ಸಿಗೆ ಬೇರೆ ಬೇರೆ ಹೋದೆವು. ಆರನೇ ದಿನ ಒಂದು ವಿಡಿಯೋ ನೋಡ್ತಾ ಆ ಎರಡು ಪದಗಳ ಅರ್ಥ ಗೊತ್ತಾಯ್ತು. ಅವಳ ಟೇಬಲ್ ಹತ್ತಿರ ಹೋಗಿ, ‘ನೀನು ಹೇಳಿದ್ದೆ ಕಣೇ. ನಾನೇ ಸರಿಯಾಗಿ ಓದಲಿಲ್ಲ. ಸುಳ್ಳು ಹೇಳಿದೆ’ ಅಂದೆ. ‘ಗೊತ್ತು’ ಅಂದಳು. ಸ್ವಲ್ಪ ಹೊತ್ತಾದ ಮೇಲೆ ತನ್ನ ತಪ್ಪೂ ಹೇಳಿದಳು. ಮೆಟ್ಟಿಲ ಪಕ್ಕದ ಗೋಡೆಯನ್ನು ಸರಿಸೋ ಬದಲು ಅಳಿಸಿ ಹೊಸದಾಗಿ ಎಳೆದಿದ್ದಳಂತೆ. ರೆವಿಟ್‌ನಲ್ಲಿ ಪ್ರತಿ ಗೋಡೆಗೂ ಒಂದು ಐಡಿ ನಂಬರ್ ಇರುತ್ತೆ. ಸರಿಸಿದರೆ ಅದೇ ಗೋಡೆ, ಅದೇ ನಂಬರ್. ಅಳಿಸಿ ಎಳೆದರೆ ನೋಡಲು ಅದೇ ಥರ, ಆದರೆ ಸಾಫ್ಟ್‌ವೇರ್‌ಗೆ ಅದು ಅಪರಿಚಿತ. ಆ ಗೋಡೆಗೆ ನಾನು ಕೊಟ್ಟಿದ್ದ ಡೈಮೆನ್ಶನ್‌ಗಳು ಹಿಡಿತ ತಪ್ಪಿದ್ದು ಅದಕ್ಕೇ.

ಮರುದಿನ ಗೈಡ್ ಹತ್ತಿರ ಹೋಗಿ ನಿಜ ಹೇಳಿದೆ. ಬೈಯಲಿಲ್ಲ. ‘ಗ್ರಿಡ್ ಸರಿಸಿದೆಯಲ್ಲ, ಬೀಮ್ ಲೆಕ್ಕ ಮಾಡಿದೆಯಾ?’ ಅಂತ ಮಾತ್ರ ಕೇಳಿದರು. ಮಾಡಿರಲಿಲ್ಲ. ಒಂದು ಬದಿಯ ಸ್ಪ್ಯಾನ್ 6 ಮೀಟರ್ ಇದ್ದದ್ದು 6.6 ಆಗಿತ್ತು. ಮೊಮೆಂಟ್ ಏರೋದು ಸ್ಪ್ಯಾನ್‌ನ ವರ್ಗಕ್ಕೆ ತಕ್ಕಂತೆ, ಅಂದರೆ ಅದೇ ಲೋಡಿಗೆ ಶೇಕಡಾ 21 ಜಾಸ್ತಿ. ಮಾಡೆಲ್‌ನಲ್ಲಿ ಕಾಲಂ ಒಂದು ಕ್ಲಿಕ್‌ಗೆ ಸರಿಯುತ್ತೆ, ಲೆಕ್ಕ ತಾನಾಗಿ ಸರಿಯಲ್ಲ.

ರೆವಿಟ್ ಮೊದಲು ಬಂದಿದ್ದು 2000ರಲ್ಲಿ. ‘ರಿವೈಸ್ ಇನ್‌ಸ್ಟಂಟ್ಲಿ’, ಅಂದರೆ ಥಟ್ಟನೆ ಬದಲಾಯಿಸು ಅನ್ನೋದರಿಂದ ಆ ಹೆಸರು ಬಂತಂತೆ. ಬದಲಾಯಿಸೋದು ಥಟ್ಟನೆ ಆಗುತ್ತೆ ನಿಜ. ಇನ್ನೊಬ್ಬರಿಗೆ ಅದು ಮುಟ್ಟಿತಾ ಅಂತ ನೋಡೋದು ಮಾತ್ರ ನಮ್ಮ ಕೆಲಸ. ಇದನ್ನು ನಮ್ಮೂರಿನ ಮೇಸ್ತ್ರಿ ಯಾವ ಸಾಫ್ಟ್‌ವೇರೂ ಇಲ್ಲದೆ ಮಾಡ್ತಿದ್ದರು. ನಮ್ಮ ಮನೆಗೆ ಮೋಲ್ಡ್ ಹಾಕೋ ಹಿಂದಿನ ದಿನ ಬಂದು, ‘ಏನಾದ್ರೂ ಬದಲಾಯಿಸೋದಿದ್ರೆ ಇವತ್ತೇ ಹೇಳ್ಬಿಡಿ, ನಾಳೆ ಕೇಳಬೇಡಿ’ ಅಂದರು. ಅಮ್ಮ ಹಾಲಿನ ಫ್ಯಾನ್ ಬಾಕ್ಸ್ ಒಂದಡಿ ಸರಿಸಿ ಅಂದಳು. ಸರಿಸಿದರು. ಆಮೇಲೆ ಅಪ್ಪನನ್ನು ಮೇಲೆ ಹತ್ತಿಸಿ ತೋರಿಸಿದರು.

ಈ ಸೆಮಿಸ್ಟರ್ ಮತ್ತೆ ನಾವಿಬ್ಬರೇ ಜೋಡಿ. ಫೈಲಿಗೆ ಒಂದೇ ಹೆಸರು, ಹಳೆಯದು ತಾರೀಕು ಹಾಕಿದ ಫೋಲ್ಡರ್‌ನಲ್ಲಿ. ಪ್ರತಿ ಗುರುವಾರ ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಆ ಪಟ್ಟಿಯನ್ನು ಸಾಲು ಸಾಲಾಗಿ ಓದ್ತೀವಿ. ಇನ್ನೂ ತೀರ್ಮಾನ ಆಗದ ಜಾಗದ ಸುತ್ತ ನಾನು ಬೀಮ್ ಹಾಕೋದೇ ಇಲ್ಲ, ಗುರುತು ಮಾಡಿ ಬಿಡ್ತೀನಿ. ಹೋದ ವಾರ ಅವಳು ಮತ್ತೆ ಮೆಟ್ಟಿಲು ಬದಲಾಯಿಸಿದಳು. ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಆದರೂ ಕ್ಲಿಕ್ ಮಾಡೋ ಮುಂಚೆ ಆ ಪಟ್ಟಿಯ ಒಂದೊಂದು ಆಯ್ಕೆಯನ್ನೂ ಮನಸ್ಸಲ್ಲೇ ಕನ್ನಡಕ್ಕೆ ತಿರುಗಿಸಿ ಓದಿದೆ.