ಗೋಡೆ ಕುಡಿದ ನೀರು

ಧಾರವಾಡದ ಮಳೆಗಾಲವನ್ನು ಕಂಡವರಿಗೆ ಒದ್ದೆ ಗೋಡೆ ಹೊಸತಲ್ಲ. ಆಷಾಢದಲ್ಲಿ ಹಪ್ಪಳ ಮೆತ್ತಗಾಗುವುದು, ಉಪ್ಪು ನೀರೊಡೆಯುವುದು, ಬಾಗಿಲು ಉಬ್ಬಿ ಚೌಕಟ್ಟಿನಲ್ಲಿ ಕೂಡದಂತಾಗುವುದು ಹಿರಿಯರ ಕಾಲದಿಂದ ನಡೆದುಬಂದದ್ದೇ. ಆದ್ದರಿಂದ 2019ರಲ್ಲಿ ನಮ್ಮ ಮನೆಯ ನಡುಕೋಣೆಯ ಗೋಡೆಯಲ್ಲಿ ಕಪ್ಪು ಚುಕ್ಕೆಗಳು ಮೂಡಿದಾಗ ನಾವು ಮಳೆಯನ್ನೇ ದೂರಿದೆವು. ಆ ವರ್ಷದ ಆಗಸ್ಟಿನಲ್ಲಿ ಉತ್ತರ ಕರ್ನಾಟಕದ ಎಷ್ಟೋ ಊರುಗಳು ನೀರಿನಲ್ಲಿ ನಿಂತಿದ್ದವು. ಬೇರೆ ಕಾರಣ ಹುಡುಕುವ ಗೊಡವೆಗೆ ಯಾರು ಹೋಗುತ್ತಾರೆ? ಗೌಂಡಿಯನ್ನು ಕರೆಸಿ ಮಾಳಿಗೆಗೆ ಹೊಸ ಗಿಲಾವು ಹಾಕಿಸಿದೆವು.

ಮಾರ್ಗಶಿರದ ಒಣಗಾಳಿ ಬೀಸತೊಡಗಿದರೂ ಆ ಕೋಣೆ ಮಾತ್ರ ಆರಲಿಲ್ಲ. ಬೆಳಗಾದರೆ ಕಿಟಕಿಯ ಗಾಜಿನ ಒಳಮೈಯಲ್ಲಿ ಹನಿಗಳು ಇಳಿಯುತ್ತಿದ್ದವು. ಮಾಡದಲ್ಲಿಟ್ಟ ವಿಭೂತಿಗಟ್ಟಿ ಮೆತ್ತಗಾಗಿತ್ತು. ಅದು ನಮ್ಮ ತಾಯಿಯವರು ಮಲಗುವ ಕೋಣೆ. ಮೊದಲೇ ದಮ್ಮಿನ ತೊಂದರೆಯಿದ್ದ ಅವರಿಗೆ ರಾತ್ರಿಯ ಕೆಮ್ಮು ಹೆಚ್ಚಾಯಿತು. ಒಂದು ದಿನ ತಂದೆಯವರ ಪುಸ್ತಕಗಳ ಕಪಾಟನ್ನು ತೆರೆದರೆ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಅವರು ಕೈಯಾರೆ ಬರೆದಿಟ್ಟ ಎರಡು ನೋಟುಬುಕ್ಕುಗಳ ಹಾಳೆಗಳು ಅಂಟಿಕೊಂಡು, ಶಾಯಿ ಹರಡಿ, ಓದಲು ಬಾರದಂತಾಗಿದ್ದವು. ಆ ಎರಡು ಮರಳಿ ಬರುವಂತಿರಲಿಲ್ಲ.

ಅದೇ ಕೋಣೆಯಲ್ಲಿ ಮಗನ ಅಕ್ವೇರಿಯಂ ಇತ್ತು. ಶಾಕಾಹಾರಿಗಳ ಮನೆಯಲ್ಲಿ ಮೀನೇ ಎಂದು ನೆಂಟರು ನಕ್ಕದ್ದುಂಟು. ನಿದ್ದೆ ಬಾರದ ರಾತ್ರಿಗಳಲ್ಲಿ ನೋಡುತ್ತ ಮಲಗಲು ಹಿತವೆಂದು ತಾಯಿಯವರೇ ಅದನ್ನು ತಮ್ಮ ಕೋಣೆಗೆ ತರಿಸಿಕೊಂಡಿದ್ದರು. ಪ್ರತಿ ರವಿವಾರ ಮೊಮ್ಮಗ ಅದಕ್ಕೆ ಅರ್ಧ ಕೊಡ ನೀರು ತುಂಬುವುದನ್ನು ನೋಡುತ್ತ ಒಮ್ಮೆ ಕೇಳಿದರು: “ವಾರಾ ವಾರಾ ನೀರ ಹಾಕ್ತೀಯಲ್ಲೋ ತಮ್ಮಾ, ಆ ನೀರ ಎಲ್ಲಿ ಹೋಗ್ತದ?”

ನಮಗೆ ಕಣ್ಣು ತೆರೆದದ್ದು ಆಗ. ಲೆಕ್ಕ ಹಾಕಿದೆವು. ತೊಟ್ಟಿ 90 ಸೆಂಟಿಮೀಟರ್ ಉದ್ದ, 38 ಸೆಂಟಿಮೀಟರ್ ಅಗಲ. ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಸುಮಾರು ಮೂರೂವರೆ ಲೀಟರ್ ನೀರು ಹೋದಂತೆ. ವಾರಕ್ಕೆ ಎರಡು ಸೆಂಟಿಮೀಟರ್ ಇಳಿಯುತ್ತಿತ್ತು. ಅಂದರೆ ದಿನಕ್ಕೆ ಒಂದು ಲೀಟರ್. ಹನ್ನೆರಡು ಅಡಿ ಉದ್ದಗಲ, ಹತ್ತು ಅಡಿ ಎತ್ತರದ ಆ ಕೋಣೆಯ ಗಾಳಿ 25 ಡಿಗ್ರಿ ಉಷ್ಣಾಂಶದಲ್ಲಿ ಎಷ್ಟು ತುಂಬಿಕೊಂಡರೂ ಹಿಡಿಯಬಲ್ಲ ನೀರು ಒಂದು ಲೀಟರಿಗಿಂತ ಸ್ವಲ್ಪ ಕಡಿಮೆಯೇ. ಚಳಿಗೆಂದು ಕಿಟಕಿ ಮುಚ್ಚಿದ ಮೇಲೆ ಮಿಕ್ಕದ್ದು ಎಲ್ಲಿಗೆ ಹೋಗಬೇಕು? ಎಲ್ಲಕ್ಕಿಂತ ತಣ್ಣಗಿದ್ದ ಉತ್ತರದ ಗೋಡೆಗೆ, ಅದಕ್ಕೆ ಒತ್ತಿ ನಿಂತ ಕಪಾಟಿಗೆ. ನೀರನ್ನು 28 ಡಿಗ್ರಿಯಷ್ಟು ಬೆಚ್ಚಗಿಟ್ಟಿದ್ದ ಹೀಟರೂ ತೆರೆದ ಬಾಯಿಯೂ ಸೇರಿ, ಕೋಣೆಯಲ್ಲಿ ಹಗಲಿರುಳು ಹಂಡೆ ಕಾಯಿಸಿದಂತಾಗಿತ್ತು.

ತೊಟ್ಟಿಯನ್ನೇ ಯಾರಿಗಾದರೂ ಕೊಟ್ಟುಬಿಡೋಣ ಎಂದೆವು. ಮಗ ಮಾತಾಡಲಿಲ್ಲ. ಕೆಮ್ಮುತ್ತಲೇ ತಾಯಿಯವರು, “ಮೀನೇನ ಮಾಡ್ಯಾವ ನಿನಗ? ಮುಚ್ಚಳಾ ಇಲ್ಲದ ಕೊಡಾ ಇಟ್ಟಾವ್ರು ನೀವು” ಎಂದರು.

ಅಂದೇ ಅವಸರದಿಂದ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಗುಳ್ಳೆ ಎದ್ದಷ್ಟೂ ನೀರು ಹೆಚ್ಚು ಆರುತ್ತದೆಂದು ಗಾಳಿಯ ಪಂಪನ್ನೂ ನಿಲ್ಲಿಸಿದೆವು. ಬೆಳಿಗ್ಗೆ ಏಂಜೆಲ್ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನೀರಿನಲ್ಲಿ ಪ್ರಾಣವಾಯು ಬೆರೆಯುವುದು ಮೇಲ್ಮೈಯ ಕದಲಿಕೆಯಿಂದಲೇ ಎಂಬುದು ನೆನಪಾಗಿ ಕೂಡಲೇ ಹಾಳೆ ಕಿತ್ತು ಪಂಪು ಹಚ್ಚಿದೆವು. ಒಂದೂ ಸಾಯಲಿಲ್ಲವೆಂಬುದು ನಮ್ಮ ಭಾಗ್ಯ. ಅನಂತರ ಗಾಜಿನ ಎರಡು ತುಂಡುಗಳನ್ನು ಅಳತೆಗೆ ಕೊಯ್ಸಿ ಮುಚ್ಚಿದೆವು. ನಳಿಗೆಗೂ ಗಾಳಿಗೂ ಮೂಲೆಯಲ್ಲಿ ಎರಡು ಬೆರಳ ಸಂದು ಬಿಟ್ಟೆವು. ಆವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ತೊಟ್ಟಿಗೇ ಬೀಳುತ್ತದೆ. ಹೀಟರನ್ನು 25 ಡಿಗ್ರಿಗೆ ಇಳಿಸಿದೆವು; ಈ ಮೀನುಗಳಿಗೆ ಅಷ್ಟು ಸಾಕು. ಗೋಲ್ಡ್ ಫಿಶ್ ಸಾಕುವವರಿಗಂತೂ ನಮ್ಮ ಕಡೆ ಹೀಟರಿನ ಅಗತ್ಯವೇ ಇಲ್ಲ. ತೊಟ್ಟಿಯನ್ನು ಪಡಸಾಲೆಗೆ ಸಾಗಿಸಿ, ತಾಯಿಯವರ ಮಂಚವನ್ನು ಅದು ಬಾಗಿಲಿನಿಂದ ಕಾಣುವಂತೆ ತಿರುಗಿಸಿದೆವು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ, ಮಧ್ಯಾಹ್ನ ಎದುರುಬದುರಿನ ಕಿಟಕಿಗಳನ್ನು ತೆರೆದಿಡತೊಡಗಿದೆವು.

ತೇವಾಂಶ ತೋರಿಸುವ ಪುಟ್ಟ ಮಾಪಕವೊಂದನ್ನೂ ತಂದೆವು. ಮೊದಲ ರಾತ್ರಿ ನಡುಕೋಣೆಯಲ್ಲಿ ನೂರಕ್ಕೆ 84 ಇತ್ತು. ತಿಂಗಳೊಳಗೆ 60ರ ಸುತ್ತ ನಿಂತಿತು. 70ರ ಮೇಲೆ ಬಹಳ ದಿನ ನಿಂತರೆ ಬೂಷ್ಟಿಗೆ ಹಬ್ಬ. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೊಯ್ದಿರುವುದರಿಂದ ಇಂದಿಗೂ ಅಂಕಿ ಏರುತ್ತದೆ. ಆ ದಿನಗಳಲ್ಲಿ ಎಕ್ಸಾಸ್ಟ್ ಫ್ಯಾನು, ಕಪಾಟಿನಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ. ತೇವ ಹೀರುವ ವಿದ್ಯುತ್ ಯಂತ್ರಗಳೂ ಅಂಗಡಿಯಲ್ಲಿ ಸಿಗುತ್ತವೆ. ತೊಟ್ಟಿಯ ಬಾಯಿ ತೆರೆದಿಟ್ಟು ಅದನ್ನು ತರುವುದು ಸೋರುವ ಕೊಡಕ್ಕೆ ನೀರು ಹೊತ್ತಂತೆ ಎಂದು ನಾವು ಕೊಳ್ಳಲಿಲ್ಲ. ಆವಿಯಾಗುವುದು ನೀರು ಮಾತ್ರ, ಬೋರ್‌ವೆಲ್ಲಿನ ಲವಣ ಒಳಗೇ ಉಳಿಯುತ್ತದೆ. ಹೀಗಾಗಿ ಹದಿನೈದು ದಿನಕ್ಕೊಮ್ಮೆ ಐದರಲ್ಲೊಂದು ಪಾಲು ತೆಗೆದು ಹೊಸ ನೀರು ತುಂಬುವುದು ಇದ್ದೇ ಇದೆ.

ಚುಕ್ಕೆಗಳನ್ನು ಒರೆಸಿ ಸುಣ್ಣ ಬಳಿದೆವು. ಅವು ಮತ್ತೆ ಮೂಡಿಲ್ಲ. ತಾಯಿಯವರ ದಮ್ಮು ಹೋಗಿಲ್ಲ, ಆದರೆ ನಡುರಾತ್ರಿ ಎದ್ದು ಕೂಡುವುದು ಕಡಿಮೆಯಾಗಿದೆ. ರವಿವಾರ ಬೆಳಿಗ್ಗೆ ಪೆನ್ಸಿಲ್ಲಿನಿಂದ ಗಾಜಿನ ಮೇಲಿನ ಪಟ್ಟಿಯಲ್ಲಿ ನೀರಿನ ಗುರುತು ಹಾಕುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ. ಈಗ ವಾರಕ್ಕೆ ಅರ್ಧ ಸೆಂಟಿಮೀಟರ್ ಇಳಿದರೆ ಹೆಚ್ಚು. ಒಮ್ಮೆ ಮುಚ್ಚಳ ಸರಿದು ಒಂದು ಸೆಂಟಿಮೀಟರ್ ಇಳಿದಿದ್ದಾಗ ಮೊಮ್ಮಗನನ್ನು ಕರೆದು ಗದರಿದ್ದೂ ಅವರೇ.